ಸುಣ್ಣದ ಬಿಸಿ ಮತ್ತು ಒಂದು ಮಾರ್ಕು

ಬಹಳ ದಿನಗಳಿಂದ ಇತ್ತ ತಲೆಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸು, ಅದಾದ ಮೇಲೆ ರಿಲೀಸಿನಲ್ಲಿ ನಾವೇ ಬಿಟ್ಟ ಬಗ್‌ಗಳು, ಅದಾದ ಮೇಲೆ ಜ್ವರ... ನೆಪಗಳಿಗೇನು ಬರ! ಇವತ್ತು ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ನನ್ನ ಅಕ್ಕನ ಮಗಳು. ಹತ್ತನೇ ಕ್ಲಾಸು. ಕಳೆದ ಭಾನುವಾರ ಬೆಳಿಗ್ಗೆ ಅವಳು ತನ್ನ ವಿಜ್ಞಾನದ ಉತ್ತರಪತ್ರಿಕೆಯ ಒಂದು ಪುಟದ ಫೋಟೋ ವಾಟ್ಸಾಪಿನಲ್ಲಿ ಕಳಿಸಿ, ಕೆಳಗೆ "ಎಂತಕ್ಕೆ ತಪ್ಪು ಮಾಮ?" ಅಂತ ಕೇಳಿದ್ದಳು.

ಪ್ರಶ್ನೆ ನಮಗೆಲ್ಲ ಗೊತ್ತಿರುವಂಥದ್ದೇ. ಬಹಿರುಷ್ಣಕ ಮತ್ತು ಅಂತರುಷ್ಣಕ ಕ್ರಿಯೆಗಳಿಗಿರುವ ವ್ಯತ್ಯಾಸ ತಿಳಿಸಿ, ತಲಾ ಒಂದು ಉದಾಹರಣೆ ಕೊಡಿ. ಮೂರು ಅಂಕ. ಹುಡುಗಿ ನಡುವೆ ಗೆರೆ ಎಳೆದು ಎರಡು ಕಾಲಂ ಮಾಡಿ, ಉಷ್ಣ ಬಿಡುಗಡೆಯಾಗುವುದು ಬಹಿರುಷ್ಣಕ, ಉಷ್ಣ ಹೀರಿಕೊಳ್ಳುವುದು ಅಂತರುಷ್ಣಕ ಅಂತ ನೀಟಾಗಿ ಬರೆದಿದ್ದಾಳೆ. ಉದಾಹರಣೆಗೆ, ಸುಟ್ಟ ಸುಣ್ಣಕ್ಕೆ ನೀರು ಹಾಕುವುದು ಒಂದು ಕಡೆ, ಸುಣ್ಣಕಲ್ಲನ್ನು ಕಾಯಿಸಿ ಸುಟ್ಟ ಸುಣ್ಣ ಮಾಡುವುದು ಇನ್ನೊಂದು ಕಡೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಮೂರಕ್ಕೆ ಮೂರು ಸಿಗುತ್ತಿತ್ತು. ಆದರೆ ಕಾಲಂಗಳ ಕೆಳಗೆ, ಎರಡಕ್ಕೂ ಅಡ್ಡಲಾಗಿ ಒಂದು ಸಾಲು ಸೇರಿಸಿದ್ದಾಳೆ: "ಗೂಡಿನಲ್ಲಿ ಕುಡಿದ ಬಿಸಿಯನ್ನೇ ಸುಣ್ಣವು ನೀರು ಹಾಕಿದಾಗ ವಾಪಸ್ ಕೊಡುತ್ತದೆ."

ಆ ಸಾಲಿನ ಮೇಲೆ ಕೆಂಪು ಗೆರೆ. ಒಂದು ಅಂಕ ಕಟ್.

ನಾನು ಆ ಸಾಲನ್ನು ನಾಲ್ಕೈದು ಸಲ ಓದಿದೆ. ಯಾಕೆಂದರೆ ಹತ್ತನೇ ಕ್ಲಾಸು, ಪಿಯುಸಿ, ಇಂಜಿನಿಯರಿಂಗಿನ ಮೊದಲ ವರ್ಷದ ಕೆಮಿಸ್ಟ್ರಿ ಎಲ್ಲದರಲ್ಲೂ ಈ ಪ್ರಶ್ನೆಗೆ ನಾನು ಪೂರ್ತಿ ಅಂಕ ತೆಗೆದಿದ್ದೇನೆ. ಆದರೆ ಈ ಎರಡು ಕಾಲಂಗಳ ನಡುವೆ ಒಂದು ಸೇತುವೆ ಇದೆ ಅಂತ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಅವಳಿಗೆ ಹೊಳೆದಿದೆ. ಅದಕ್ಕೆ ಅಂಕ ಕಳೆದಿದ್ದಾರೆ.

ನಮ್ಮೂರು ಕುಂದಾಪುರದ ಕಡೆ. ನಾನು ಚಿಕ್ಕವನಿದ್ದಾಗ ದೀಪಾವಳಿಗೆ ಮುಂಚೆ ಅಜ್ಜಯ್ಯ ಮನೆಗೆ ಸುಣ್ಣ ಬಳಿಸುತ್ತಿದ್ದರು. ಸುಣ್ಣ ಅಂದರೆ ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಪುಡಿ ಅಲ್ಲ, ಚಿಪ್ಪಿನ ಸುಣ್ಣ. ಹೊಳೆಯ ಚಿಪ್ಪನ್ನು ಗೂಡಿನಲ್ಲಿ ಸುಟ್ಟದ್ದು ಗೋಣಿಯಲ್ಲಿ ಬರುತ್ತಿತ್ತು. ನೋಡುವುದಕ್ಕೆ ಮಾಮೂಲಿ ಚಿಪ್ಪಿನ ಹಾಗೇ ಇರುತ್ತಿತ್ತು, ಸ್ವಲ್ಪ ಬೂದಿ ಬಡಿದಂತೆ, ಎತ್ತಿದರೆ ತೀರಾ ಹಗುರ. ಹಿತ್ತಿಲಿನಲ್ಲಿ ಒಂದು ಹಳೇ ಹಂಡೆಗೆ ನೀರು ತುಂಬಿ ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಈ ಚಿಪ್ಪನ್ನು ಸುರಿಯುತ್ತಿದ್ದರು. ಒಂದೆರಡು ನಿಮಿಷ ಏನೂ ಇಲ್ಲ. ಆಮೇಲೆ ಕೆಳಗಿನಿಂದ ಕೊತಕೊತ ಅಂತ ಶುರುವಾಗಿ, ಹಬೆ ಎದ್ದು, ಒಲೆಯೇ ಇಲ್ಲದೆ ನೀರು ಕುದಿಯುತ್ತಿತ್ತು! ನಮ್ಮ ಪಾಲಿಗೆ ಅದು ಪಟಾಕಿಗಿಂತ ದೊಡ್ಡ ಹಬ್ಬ. ಹತ್ತಿರ ಹೋಗಲು ಮಾತ್ರ ಬಿಡುತ್ತಿರಲಿಲ್ಲ. ಅಜ್ಜಯ್ಯನ ಮೊಣಕೈ ಹತ್ತಿರ ಒಂದು ಅಂಗೈಯಗಲದ ಕಲೆ ಇತ್ತು. ಪ್ರಾಯದಲ್ಲಿ ಯಾವಾಗಲೋ ಅವಸರಕ್ಕೆ ಸುಣ್ಣದ ರಾಶಿಗೇ ನೀರು ಹೊಯ್ದಾಗ ಸಿಡಿದದ್ದಂತೆ. ಸುಣ್ಣವನ್ನು ನೀರಿಗೆ ಹಾಕಬೇಕು, ನೀರನ್ನು ಸುಣ್ಣಕ್ಕೆ ಹಾಕಬಾರದು. ಇದು ನಾನು ಕಲಿತ ಮೊದಲ ಕೆಮಿಸ್ಟ್ರಿ ಪಾಠ. ಶಾಲೆಯಲ್ಲಿ ಆಮ್ಲದ ಬಗ್ಗೆ ಇದನ್ನೇ ಹೇಳಿಕೊಟ್ಟಾಗ ಇದು ನಮ್ಮಜ್ಜಯ್ಯನ ರೂಲು ಅಂತ ಒಳಗೊಳಗೇ ಬೀಗಿದ್ದೆ.

(ಒಂದು ಅಡ್ಡಮಾತು. ನೀರು ಕುಡಿದ ಸುಣ್ಣಕ್ಕೆ ಕನ್ನಡದಲ್ಲಿ ಅರಳಿದ ಸುಣ್ಣ ಅಂತಾರೆ. ಇಂಗ್ಲಿಷಿನವರು ಬಾಯಾರಿಕೆ ತಣಿಸುವುದಕ್ಕೆ ಬಳಸುವ ಶಬ್ದವನ್ನೇ ಇದಕ್ಕೂ ಬಳಸಿದ್ದಾರೆ. ಅವರಿಗೆ ಅದು ನೀರು ಕುಡಿದದ್ದು ಕಂಡಿದೆ, ನಮ್ಮವರಿಗೆ ಅದು ಹೂವಿನ ಹಾಗೆ ಬಿರಿದು ಹಿಗ್ಗಿದ್ದು ಕಂಡಿದೆ. ನನಗೆ ನಮ್ಮದೇ ಇಷ್ಟ, ಪಕ್ಷಪಾತ ಅನ್ನಿ ಬೇಕಾದರೆ.)

ಈಗ ಲೆಕ್ಕಕ್ಕೆ ಬರೋಣ. ಹೆದರಬೇಡಿ, ಕೂಡಿ ಕಳೆಯುವ ಲೆಕ್ಕ ಅಷ್ಟೇ.

ಸುಣ್ಣಕಲ್ಲಾಗಲಿ ಚಿಪ್ಪಾಗಲಿ, ಎರಡೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟು. ಅದರ 100 ಗ್ರಾಂ ತಗೊಂಡು ಸುಮಾರು 900 ಡಿಗ್ರಿಗೆ ಕಾಯಿಸಿದರೆ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಗೋಣಿಯಲ್ಲಿ ಬಂದ ಚಿಪ್ಪು ಅಷ್ಟು ಹಗುರ ಇದ್ದದ್ದು ಇದಕ್ಕೇ. ಈ ಒಡೆಯುವ ಕೆಲಸಕ್ಕೆ ಹಿಡಿಯುವ ಶಕ್ತಿ ಸುಮಾರು 178 ಕಿಲೋಜೌಲ್. ಗೂಡಿನ ಬೆಂಕಿಯಿಂದ ಬರುವುದು. ಅಂತರುಷ್ಣಕ.

ಈ 56 ಗ್ರಾಂ ಸುಣ್ಣ ನೀರಿನ ಜೊತೆ ಸೇರಿ ಅರಳಿದಾಗ ಹೊರಬರುವುದು ಸುಮಾರು 65 ಕಿಲೋಜೌಲ್. ಬಹಿರುಷ್ಣಕ. ಕೇಳಲು ಸಣ್ಣ ಸಂಖ್ಯೆ. ಆದರೆ ಒಂದು ಕೆ.ಜಿ. ಸುಟ್ಟ ಸುಣ್ಣಕ್ಕೆ ಹಾಕಿ ನೋಡಿದರೆ ಸಾವಿರದ ನೂರು ಕಿಲೋಜೌಲ್ ದಾಟುತ್ತದೆ. ಬಿಸಿ ಎಲ್ಲೂ ಸೋರಿಹೋಗದಿದ್ದರೆ ಸುಮಾರು ಮೂರು ಲೀಟರ್ ನೀರನ್ನು ಕುದಿಯುವ ತನಕ ಕಾಯಿಸಲು ಸಾಕು. ಅಜ್ಜಯ್ಯನ ಹಂಡೆ ಕೊತಕೊತ ಅಂದದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ 178 ಕುಡಿದು 65 ಕೊಟ್ಟಿತು. ಉಳಿದ 113 ಎಲ್ಲಿ ಹೋಯಿತು?

ಗೋಡೆಯಲ್ಲಿದೆ ಸ್ವಾಮಿ! ಸುಣ್ಣ ಬಳಿದ ಮೇಲೆ ಅದು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಎಳೆದುಕೊಂಡು ನೀರು ಬಿಟ್ಟು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಮತ್ತೆ ಕಲ್ಲು. ಬಳಿದ ದಿನ ಮಂಕಾಗಿದ್ದ ಗೋಡೆ ಎರಡು ಮೂರು ದಿನಕ್ಕೆ ಬೆಳ್ಳಗೆ ಹೊಳೆಯುವುದು ಈ ಕಾರಣಕ್ಕೆ. ಈ ಕ್ರಿಯೆಯಲ್ಲಿ ಹೊರಬರುವ ಶಕ್ತಿ ಎಷ್ಟು ಗೊತ್ತಾ? ಸುಮಾರು 113 ಕಿಲೋಜೌಲ್. 65ಕ್ಕೆ 113 ಕೂಡಿಸಿ. 178. ಗೂಡು ಕೊಟ್ಟ ಸಾಲ ಪೈಸೆಗೆ ಪೈಸೆ ಚುಕ್ತಾ.

ಈ ಮೂರು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ರಾತ್ರಿ ನನಗೆ ಸುಮಾರು ಹೊತ್ತು ನಿದ್ದೆ ಬರಲಿಲ್ಲ. ತಮಾಷೆ ಮಾಡುತ್ತಿಲ್ಲ. ನಾವು ಪಿಯುಸಿಯಲ್ಲಿ ಹೆಸ್ ನಿಯಮ ಅಂತ ಉರು ಹೊಡೆದೆವಲ್ಲ, ಜಿನೀವಾದಲ್ಲಿ ಹುಟ್ಟಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸ ಮಾಡಿದ ಹೆಸ್ 1840ರಲ್ಲಿ ಹೇಳಿದ್ದು, ಅದು ಇದೇ. ಯಾವ ದಾರಿಯಲ್ಲಾದರೂ ಹೋಗಿ, ಎಷ್ಟು ಮೆಟ್ಟಿಲಲ್ಲಾದರೂ ಹೋಗಿ, ಹೊರಟ ಜಾಗಕ್ಕೇ ಬಂದು ನಿಂತರೆ ಒಟ್ಟು ಲೆಕ್ಕ ಸೊನ್ನೆ. ಉಡುಪಿಯಿಂದ ಆಗುಂಬೆಗೆ ಹತ್ತಿ ವಾಪಸ್ ಇಳಿದು ಬಂದರೆ ಒಟ್ಟು ಏರಿದ ಎತ್ತರ ಸೊನ್ನೆ ಆದ ಹಾಗೆ. ಯಾವ ಘಾಟಿಯಲ್ಲಿ ಹತ್ತಿದಿರಿ, ಯಾವ ಘಾಟಿಯಲ್ಲಿ ಇಳಿದಿರಿ ಅನ್ನುವುದು ಬೆಟ್ಟಕ್ಕೆ ಬೇಕಾಗಿಲ್ಲ. (ಪೆಟ್ರೋಲಿಗೆ ಬೇಕು. ಅದು ಬೇರೆ ವಿಷಯ.)

ಸಿಟ್ಟು ಬರುವುದು ಎಲ್ಲಿ ಅಂದರೆ, ಈ ಮೂರೂ ಕ್ರಿಯೆಗಳು ಅವಳ ಪುಸ್ತಕದಲ್ಲೇ ಇವೆ. ಎನ್‌ಸಿಇಆರ್‌ಟಿಯ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕ, ಮೊದಲನೇ ಅಧ್ಯಾಯ. ಸುಣ್ಣಕ್ಕೆ ನೀರು ಹಾಕುವುದು 'ಸಂಯೋಗ'ದ ಕೆಳಗೆ ಬರುತ್ತದೆ. ಅದಕ್ಕೆ ಅಂಟಿಕೊಂಡೇ ಗೋಡೆಯ ಸುಣ್ಣ ಕಾರ್ಬೊನೇಟ್ ಆಗುವ ವಿಷಯ, ಅಮೃತಶಿಲೆಯೂ ಇದೇ ವಸ್ತು ಅಂತ ಒಂದು ಮಾತು. ಕೆಲವು ಪುಟ ದಾಟಿದರೆ ಸುಣ್ಣಕಲ್ಲು ಕಾಯಿಸುವುದು 'ವಿಭಜನೆ'ಯ ಕೆಳಗೆ. ಒಂದೇ ಅಧ್ಯಾಯದಲ್ಲಿ ಇಡೀ ಚಕ್ರ ಇದೆ, ಮೂರು ತುಂಡಾಗಿ, ಮೂರು ಕಡೆ. ಇವು ಒಂದೇ ಸುಣ್ಣದ ಕಥೆ ಅಂತ ಜೋಡಿಸುವುದು ಬಾಕಿ ಇತ್ತು. ಅದನ್ನು ಈ ಹುಡುಗಿ ಮುಕ್ಕಾಲು ಪಾಲು ಮಾಡಿದ್ದಾಳೆ.

ಮುಕ್ಕಾಲು ಅಂದೆ, ಯಾಕೆಂದರೆ ಅವಳ ಸಾಲಿನಲ್ಲಿ ತಪ್ಪೂ ಇದೆ. ಒಂದು ತಪ್ಪು ಈಗಾಗಲೇ ನೋಡಿದೆವು, ನೀರು ಹಾಕಿದಾಗ ಬರುವುದು ಪೂರ್ತಿ ಬಿಸಿ ಅಲ್ಲ, ಮೂರನೇ ಒಂದು ಪಾಲಿಗೂ ಸ್ವಲ್ಪ ಹೆಚ್ಚು ಅಷ್ಟೇ. ಇನ್ನೊಂದು ತಪ್ಪು ಸೂಕ್ಷ್ಮದ್ದು. ಸುಣ್ಣ ಬಿಸಿಯನ್ನು 'ಕುಡಿದು' ಹೊಟ್ಟೆಯಲ್ಲಿ ಇಟ್ಟುಕೊಂಡಿರುವುದಿಲ್ಲ. ಸುಟ್ಟ ಸುಣ್ಣವನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಹತ್ತು ವರ್ಷದ ನಂತರ ತೆಗೆದರೂ ಅದು ಮುಟ್ಟಲು ತಣ್ಣಗೇ ಇರುತ್ತದೆ, ನೀರಿಗೆ ಬಿದ್ದರೆ ಮಾತ್ರ ಮೊದಲ ದಿನದ ಹಾಗೇ ಕುದಿಯುತ್ತದೆ. ಬಿಸಿ ಅಡಗಿ ಕೂತಿದ್ದರೆ ಅಷ್ಟು ವರ್ಷದಲ್ಲಿ ಸೋರಿಹೋಗಬೇಕಿತ್ತಲ್ಲ?

ಆದರೆ ಈ ತಪ್ಪಿಗೆ ಎಂಥ ದೊಡ್ಡ ಮನೆತನ ಇದೆ ನೋಡಿ. ಹದಿನೆಂಟನೇ ಶತಮಾನದ ನಡುವಿನ ತನಕ ಯುರೋಪಿನ ಬಹಳ ಪಂಡಿತರು ನಂಬಿದ್ದು ಇದನ್ನೇ. ಗೂಡಿನ ಬೆಂಕಿಯ ಅಂಶ ಸುಣ್ಣದೊಳಗೆ ಹೊಕ್ಕಿದೆ, ಅದಕ್ಕೇ ಅದು ಸುಡುತ್ತದೆ ಅಂತ. ಅದನ್ನು ಬಿಡಿಸಿ ನೋಡಿದ್ದು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, 1756ರಲ್ಲಿ ಅಚ್ಚಾದ ಪ್ರಬಂಧದಲ್ಲಿ. ಅವನು ತಕ್ಕಡಿ ಹಿಡಿದು ಕೂತ. ಬೆಂಕಿ ಒಳಗೆ ಹೊಕ್ಕಿದ್ದರೆ ಏನೋ ಸೇರಿರಬೇಕು, ಆದರೆ ಕಲ್ಲು ಸುಟ್ಟರೆ ತೂಕ ಕಡಿಮೆಯಾಗುತ್ತದೆ. ಹೊಕ್ಕದ್ದು ಯಾವುದೂ ಇಲ್ಲ, ಹೋದದ್ದು ಒಂದು ಗಾಳಿ. ಆ ಗಾಳಿಯನ್ನು ಮತ್ತೆ ಕೊಟ್ಟರೆ ಸುಣ್ಣ ಮತ್ತೆ ಸೀಮೆಸುಣ್ಣದಂಥ ಸಪ್ಪೆ ವಸ್ತುವಾಗುತ್ತದೆ. ಆ ಗಾಳಿಯೇ ನಮ್ಮ ಕಾರ್ಬನ್ ಡೈಆಕ್ಸೈಡು. ಒಬ್ಬ ಹದಿನೈದು ವರ್ಷದ ಹುಡುಗಿ ತನ್ನಷ್ಟಕ್ಕೆ ಯೋಚಿಸಿ ಬ್ಲ್ಯಾಕ್‌ಗಿಂತ ಹಿಂದಿನವರು ನಿಂತಿದ್ದ ಜಾಗಕ್ಕೆ ಬಂದು ನಿಂತಿದ್ದಾಳೆ ಅಂದರೆ, ಮೇಷ್ಟ್ರಿಗೆ ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತದೆಯೇ?

ಹಾಗಾದರೆ ಬಿಸಿ ಎಲ್ಲಿಂದ ಬರುತ್ತದೆ? ಇಲ್ಲಿ ನನ್ನದೇ ಒಂದು ಮಾನಭಂಗದ ಕಥೆ ಹೇಳಬೇಕು. ಇಂಜಿನಿಯರಿಂಗ್ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್ ವೈವಾ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಇಂಧನ ಉರಿದಾಗ ಶಕ್ತಿ ಎಲ್ಲಿಂದ ಬರುತ್ತದೆ ಅಂತ ಕೇಳಿದರು. ನಾನು ಎದೆ ಉಬ್ಬಿಸಿ "ಬಂಧಗಳು ಒಡೆದಾಗ ಅದರೊಳಗಿನ ಶಕ್ತಿ ಬಿಡುಗಡೆಯಾಗುತ್ತದೆ ಸಾರ್" ಅಂದೆ. ಅವರು ಒಂದು ನಿಮಿಷ ನನ್ನ ಮುಖ ನೋಡಿ, "ಒಡೆಯೋಕೆ ಶಕ್ತಿ ಕೊಡಬೇಕೋ, ಒಡೆದ್ರೆ ಶಕ್ತಿ ಸಿಗುತ್ತೋ? ಆಯಸ್ಕಾಂತಕ್ಕೆ ಅಂಟಿದ ಮೊಳೆ ಕಿತ್ತು ನೋಡಿದೀಯಾ?" ಅಂದರು. ನಾನು ತಲೆ ಕೆರೆದುಕೊಂಡೆ. ಅವರು ನಕ್ಕು ಮುಂದಿನ ರೋಲ್ ನಂಬರ್ ಕರೆದರು. ಆ ಮೊಳೆಯ ಮಾತು ನಿಜಕ್ಕೂ ಅರ್ಥವಾಗಿದ್ದು ಕೆಲಸಕ್ಕೆ ಸೇರಿ ಎಷ್ಟೋ ಕಾಲದ ಮೇಲೆ. ನಮ್ಮ ಶಿಕ್ಷಣ ಪದ್ಧತಿಗೆ ಜೈ.

ಬಂಧ ಒಡೆಯಲು ಯಾವಾಗಲೂ ಶಕ್ತಿ ಕೊಡಲೇಬೇಕು. ಹೊಸ ಬಂಧ ಕೂಡಿದಾಗ ಯಾವಾಗಲೂ ಶಕ್ತಿ ಸಿಗುತ್ತದೆ. ಪ್ರತಿ ರಾಸಾಯನಿಕ ಕ್ರಿಯೆಯಲ್ಲೂ ಖರ್ಚೂ ಇದೆ, ಆದಾಯವೂ ಇದೆ. ಆದಾಯ ಹೆಚ್ಚಾದರೆ ಬಹಿರುಷ್ಣಕ, ಖರ್ಚು ಹೆಚ್ಚಾದರೆ ಅಂತರುಷ್ಣಕ. ಮುಗಿಯಿತು. ಎರಡು ಜಾತಿಯ ಕ್ರಿಯೆಗಳಿಲ್ಲ, ಒಂದೇ ಲೆಕ್ಕದ ಎರಡು ಫಲಿತಾಂಶ.

ನಂಬಿಕೆ ಬರದಿದ್ದರೆ ಲೆಕ್ಕ ಹಾಕಿ ನೋಡಿ. ಹೈಡ್ರೋಜನ್ ಮತ್ತು ಕ್ಲೋರಿನ್ ಸೇರಿ ಹೈಡ್ರೋಜನ್ ಕ್ಲೋರೈಡ್ ಆಗಬೇಕು. ಒಂದು ಮೋಲ್ ಹೈಡ್ರೋಜನ್ ಒಡೆಯಲು 436 ಕಿಲೋಜೌಲ್, ಒಂದು ಮೋಲ್ ಕ್ಲೋರಿನ್ ಒಡೆಯಲು 242. ಖರ್ಚು 678. ಹೈಡ್ರೋಜನ್-ಕ್ಲೋರಿನ್ ಬಂಧ ಒಂದಕ್ಕೆ 431ರಂತೆ ಎರಡು ಕೂಡಿದರೆ ಆದಾಯ 862. ಉಳಿತಾಯ 184, ಅದು ಬಿಸಿಯಾಗಿ ಹೊರಗೆ. ಈಗ ಗಾಳಿಯ ನೈಟ್ರೋಜನ್ ಮತ್ತು ಆಮ್ಲಜನಕ ಸೇರಿ ನೈಟ್ರಿಕ್ ಆಕ್ಸೈಡ್ ಆಗುವುದನ್ನು ನೋಡಿ. ನೈಟ್ರೋಜನ್ ಭಾರಿ ಗಟ್ಟಿ ಆಸಾಮಿ, ಒಡೆಯಲು 945. ಆಮ್ಲಜನಕಕ್ಕೆ 498. ಖರ್ಚು 1443. ಆದಾಯ ಎರಡು ಸಲ 631, ಅಂದರೆ 1262. ನಷ್ಟ 181. ಆದ್ದರಿಂದ ಇದಕ್ಕೆ ಸಿಡಿಲೋ, ಕಾರಿನ ಇಂಜಿನ್ನಿನ ಒಳಗಿನಂಥ ಶಾಖವೋ ಬೇಕು, ಸುಮ್ಮನೆ ಆಗುವುದಿಲ್ಲ. ನಮ್ಮ ಮೂಗಿನ ಮುಂದೆ ಎರಡೂ ಅನಿಲ ಇಷ್ಟು ದಿನ ಜೊತೆಗಿದ್ದೂ ಒಂದನ್ನೊಂದು ಮುಟ್ಟದಿರುವುದು ನಮ್ಮ ಪುಣ್ಯ.

ಇಷ್ಟು ಹೇಳಿಕೊಟ್ಟಿದ್ದರೆ ಸಾಕಿತ್ತು. ಸೌದೆಗೆ ಬೆಂಕಿಕಡ್ಡಿ ಯಾಕೆ ಬೇಕು ಅನ್ನುವುದೂ ಇದರಲ್ಲೇ ಬರುತ್ತದೆ. ಆದಾಯ ಎಷ್ಟೇ ಇರಲಿ, ಮೊದಲ ಖರ್ಚಿಗೆ ಕೈಯಲ್ಲಿ ಸ್ವಲ್ಪ ಕಾಸು ಬೇಕಲ್ಲ. ಜೀವಶಾಸ್ತ್ರದ ಕ್ಲಾಸಿನಲ್ಲಿ ಎಟಿಪಿಯ ಬಂಧ ಒಡೆದು ಶಕ್ತಿ ಬರುತ್ತದೆ ಅಂತ ಹೇಳುತ್ತಾರಲ್ಲ, ಅದನ್ನು ಕೇಳಿದಾಗಲೂ ಒಡೆದದ್ದರಿಂದಲ್ಲ, ಒಡೆದ ಮೇಲೆ ನೀರಿನೊಂದಿಗೆ ಹೊಸದಾಗಿ ಕೂಡಿದ್ದರಿಂದ ಅಂತ ಮಕ್ಕಳಿಗೆ ಹೊಳೆಯುತ್ತಿತ್ತು. ಪಿಯುಸಿಗೆ ಬಂದ ಮೇಲೆ ಬಹಿರುಷ್ಣಕಕ್ಕೆ ಡೆಲ್ಟಾ ಎಚ್ ಯಾಕೆ ಮೈನಸ್ ಅಂತ ಒದ್ದಾಡುವುದೂ ತಪ್ಪುತ್ತಿತ್ತು. ಹತ್ತನೇ ಕ್ಲಾಸಿನಲ್ಲಿ ಬಲಗಡೆ ಪ್ಲಸ್ ಉಷ್ಣ ಅಂತ ಬರೆಸಿ, ಎರಡೇ ವರ್ಷದಲ್ಲಿ ಅದನ್ನೇ ಮೈನಸ್ ಅಂದರೆ ಯಾರಿಗೆ ತಲೆ ಕೆಡುವುದಿಲ್ಲ? ಯಾರ ಪಾಸ್‌ಬುಕ್ಕು ಅಂತ ಒಂದು ಮಾತು ಹೇಳಿದರೆ ಸಾಕು. ನಮ್ಮ ಕೈಗೆ ಬಿಸಿ ಬಂದರೆ ಅಷ್ಟು ಮೊತ್ತ ಕ್ರಿಯೆಯ ಖಾತೆಯಿಂದ ಕಡಿಮೆ.

ಕೋಷ್ಟಕದ ಇನ್ನೊಂದು ಕಾಟ ಅಂದರೆ, ಬಹಿರುಷ್ಣಕ ಅಂದಕೂಡಲೇ ಹೊಗೆ, ಬೆಂಕಿ, ಕುದಿ ಅಂತ ತಲೆಯಲ್ಲಿ ಕೂತುಬಿಡುತ್ತದೆ. ಹಂಡೆಯಲ್ಲಿ ಕುದಿದದ್ದು 65. ಗೋಡೆಯಲ್ಲಿ ಸದ್ದಿಲ್ಲದೆ ಬಂದದ್ದು 113, ಹತ್ತಿರ ಹತ್ತಿರ ಎರಡು ಪಟ್ಟು. ಯಾರಾದರೂ ಸುಣ್ಣ ಬಳಿದ ಗೋಡೆ ಮುಟ್ಟಿ ಕೈ ಸುಟ್ಟುಕೊಂಡದ್ದುಂಟೇ? ದಿನಗಟ್ಟಲೆ ನಿಧಾನಕ್ಕೆ ಬಂದದ್ದರಿಂದ ಗಾಳಿಗೆ ಹೋಯಿತು. ಗೇಟಿನ ಕಬ್ಬಿಣ ತುಕ್ಕು ಹಿಡಿಯುವುದೂ ಬಹಿರುಷ್ಣಕವೇ. ಎಷ್ಟು ಅನ್ನುವುದು ಒಂದು ಪ್ರಶ್ನೆ, ಎಷ್ಟು ಬೇಗ ಅನ್ನುವುದು ಬೇರೆಯೇ ಪ್ರಶ್ನೆ.

ಅಂದಹಾಗೆ, ಸುಣ್ಣ ಸುಡುವುದರಲ್ಲೂ ಎರಡು ಬಗೆ ಇದೆ. ಅಜ್ಜಯ್ಯನ ಕೈ ಸುಟ್ಟದ್ದರಲ್ಲಿ ಬಿಸಿಯ ಪಾಲೂ ಇತ್ತು. ಎಲೆಯಡಿಕೆಗೆ ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟರೆ ಅದು ಬಿಸಿಯಿಂದಲ್ಲ, ಅರಳಿ ತಣ್ಣಗಾದ ಸುಣ್ಣದ ಪ್ರತ್ಯಾಮ್ಲ ಗುಣದಿಂದ. ಬಿಸಿ ಹೋದರೂ ಆ ಗುಣ ಹೋಗುವುದಿಲ್ಲ. ಅದಕ್ಕೇ ಎಲೆಯಡಿಕೆ ಅಂಗಡಿಯ ಸುಣ್ಣದ ಪ್ಯಾಕೆಟ್ಟನ್ನು ಮಕ್ಕಳ ಕೈಗೆ ಆಡಲು ಕೊಡಬೇಡಿ. ಹಿಚುಕಿದಾಗ ಕಣ್ಣಿಗೆ ಹಾರಿ ದೃಷ್ಟಿಯನ್ನೇ ಕಳೆದುಕೊಂಡ ಮಕ್ಕಳಿದ್ದಾರೆ. ಹಾರಿದರೆ ಒಂದು ಕ್ಷಣವೂ ತಡ ಮಾಡದೆ ಧಾರಾಳವಾಗಿ ನೀರು ಹೊಯ್ದು ತೊಳೆಯುತ್ತಾ ಇರಬೇಕು, ಆಮೇಲೆ ನೇರ ಕಣ್ಣಿನ ಡಾಕ್ಟರ ಹತ್ತಿರ.

ಸುಣ್ಣದ ಚಕ್ರ ಬರೀ ಹಳೇ ಕಾಲದ ಹಳ್ಳಿಯ ಮಾತು ಅಂತ ಮೂಗು ಮುರಿಯುವವರು ಇದ್ದಾರೆ. ಕನ್ನಂಬಾಡಿ ಕಟ್ಟೆ ನಿಂತಿರುವುದೇ ಸುಣ್ಣ ಮತ್ತು ಸುಟ್ಟ ಇಟ್ಟಿಗೆ ಪುಡಿಯ ಸುರ್ಕಿ ಗಾರೆಯ ಮೇಲೆ. ಅದು ಬಿಡಿ, ಇವತ್ತಿನ ಸಿಮೆಂಟೂ ಶುರುವಾಗುವುದು ಇದೇ ಅಂತರುಷ್ಣಕ ಮೆಟ್ಟಿಲಿನಿಂದ. ಕಲಬುರಗಿ ಜಿಲ್ಲೆಯ ಸೇಡಂ, ವಾಡಿ ಕಡೆಯ ಕಾರ್ಖಾನೆಗಳಲ್ಲಿ ಸುಣ್ಣಕಲ್ಲನ್ನು ಜೇಡಿಯಂಥ ವಸ್ತುಗಳ ಜೊತೆ ಸುಮಾರು 1450 ಡಿಗ್ರಿ ತನಕ ಕಾಯಿಸುತ್ತಾರೆ. ಸಿಮೆಂಟ್ ಕಾರ್ಖಾನೆಯಿಂದ ಹೊರಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಅರ್ಧಕ್ಕೂ ಹೆಚ್ಚು ಬರುವುದು ಕಲ್ಲಿದ್ದಲಿನಿಂದಲ್ಲ, ಸುಣ್ಣಕಲ್ಲಿನ ಒಳಗಿನಿಂದಲೇ. ಕಲ್ಲಿದ್ದಲಿನ ಬದಲು ಸೌರ ವಿದ್ಯುತ್ತಿನಿಂದ ಕಾಯಿಸಿದರೂ ಆ ಪಾಲು ತಪ್ಪುವುದಿಲ್ಲ. ಅಜ್ಜಯ್ಯನ ಗೋಡೆ ಆ ಗಾಳಿಯನ್ನು ಕೆಲವೇ ದಿನದಲ್ಲಿ ವಾಪಸ್ ಎಳೆದುಕೊಳ್ಳುತ್ತಿತ್ತು. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಾಂಕ್ರೀಟು ಎಳೆದುಕೊಳ್ಳುವುದು ಅದರಲ್ಲಿ ಒಂದು ಪಾಲನ್ನು ಮಾತ್ರ, ಅದೂ ಹತ್ತಾರು ವರ್ಷ ತಗೊಂಡು. ಸಾಲ ತೀರುವುದೇ ಇಲ್ಲ. ಹವಾಮಾನದ ಬಗ್ಗೆ ಮುಂದೆ ಇದೇ ಮಕ್ಕಳು ವೋಟು ಹಾಕಬೇಕಲ್ಲ, ಆಗ ಬೇಕಾಗುವುದು ಎರಡು ಕಾಲಂ ಅಲ್ಲ, ಈ ಚಕ್ರ.

ಮೇಷ್ಟ್ರನ್ನು ಬೈಯಲು ಮನಸ್ಸಿಲ್ಲ. ಎಪ್ಪತ್ತು ಎಂಬತ್ತು ಪೇಪರು, ಕೈಯಲ್ಲಿ ಮಾದರಿ ಉತ್ತರದ ಹಾಳೆ, ನಾಳೆ ಬೆಳಿಗ್ಗೆಗೆ ಅಂಕಪಟ್ಟಿ. ಹಾಳೆಯಲ್ಲಿ ಇಲ್ಲದ ಸಾಲು ಕಂಡರೆ ಪೆನ್ನು ತಾನಾಗಿ ಓಡುತ್ತದೆ. ನಾನೂ ಆಫೀಸಿನಲ್ಲಿ ರಾತ್ರಿ ಹನ್ನೊಂದಕ್ಕೆ ಜೂನಿಯರ್ ಹುಡುಗರ ಕೋಡ್ ರಿವ್ಯೂ ಮಾಡುವಾಗ ಇದಕ್ಕಿಂತ ಘೋರವಾಗಿ ನಡೆದುಕೊಂಡಿದ್ದೇನೆ. ನನ್ನ ತಕರಾರು 'ವ್ಯತ್ಯಾಸ ತಿಳಿಸಿ' ಅನ್ನುವ ಪ್ರಶ್ನೆಯ ಮೇಲೇ. ಸಸ್ಯಕೋಶ ಪ್ರಾಣಿಕೋಶ, ಲೋಹ ಅಲೋಹ, ಬಹಿರುಷ್ಣಕ ಅಂತರುಷ್ಣಕ... ನಡುವೆ ಒಂದು ಗೆರೆ ಎಳೆದು ಆಚೆ ಈಚೆ ತುಂಬಿಸು ಅಂದಾಗ ಮಕ್ಕಳು ಮೊದಲು ಕಲಿಯುವುದೇ ಆ ಗೆರೆಯನ್ನು. 'ಸುಣ್ಣಕಲ್ಲು ಗೂಡಿಗೆ ಹೋಗಿ ಗೋಡೆಗೆ ಬರುವ ತನಕ ಬಿಸಿಗೆ ಏನೇನಾಯಿತು ಬರೆಯಿರಿ' ಅಂತ ಕೇಳಿ ನೋಡಿ. ಅದೇ ಮೂರು ಅಂಕ. ಉರು ಹೊಡೆದವರಿಗೂ ಒಂದು ಅಂಕ ಸಿಗುತ್ತದೆ, ಯೋಚಿಸಿದವರಿಗೆ ಮೂರೂ.

ಇಷ್ಟೆಲ್ಲ ಹೇಳಿ ನಾನೇ ಇನ್ನೊಂದು ಗೆರೆ ಎಳೆಯಬಾರದು, ಅದಕ್ಕೇ ಬರ್ತಲೋ ಕಥೆಯನ್ನೂ ಹೇಳಿಬಿಡುತ್ತೇನೆ. ಈ ಎರಡು ಶಬ್ದಗಳನ್ನು ಹುಟ್ಟಿಸಿದ್ದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಾರ್ಸೆಲಿನ್ ಬರ್ತಲೋ, ಹತ್ತೊಂಬತ್ತನೇ ಶತಮಾನದಲ್ಲಿ. ದೊಡ್ಡ ಮನುಷ್ಯ, ಮುಂದೆ ಮಂತ್ರಿಯೂ ಆದವನು. ತಾನಾಗಿ ನಡೆಯುವ ಕ್ರಿಯೆ ಹೆಚ್ಚು ಬಿಸಿ ಬಿಡುವ ದಿಕ್ಕಿಗೇ ಹರಿಯುತ್ತದೆ ಅಂತ ಅವನು ಗಟ್ಟಿಯಾಗಿ ವಾದಿಸಿದ. ಡೆನ್ಮಾರ್ಕಿನ ಥಾಮ್ಸನ್ ಕೂಡ ಅವನಿಗಿಂತ ಮುಂಚೆ ಅಂಥದ್ದೇ ಮಾತು ಹೇಳಿದ್ದ. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಅದು ತಪ್ಪು. ತಾನಾಗಿ ನಡೆದು ತಣ್ಣಗಾಗುವ ಕ್ರಿಯೆಗಳು ಬೇಕಾದಷ್ಟಿವೆ. ಬಿಸಿ ಲೆಕ್ಕದ ಒಂದು ಕಂಬ ಮಾತ್ರ, ಇನ್ನೊಂದು ಕಂಬ ಕಣಗಳು ಎಷ್ಟು ಚದುರಿ ಹರಡಿಕೊಳ್ಳಬಹುದು ಅನ್ನುವುದು. 1870ರ ದಶಕದಲ್ಲಿ ಅಮೆರಿಕದ ಗಿಬ್ಸ್ ಎರಡನ್ನೂ ಸೇರಿಸಿ ಲೆಕ್ಕ ಕೂಡಿಸಿಕೊಟ್ಟ. ನಮ್ಮ ಸುಣ್ಣದ ಗೂಡು 900 ಡಿಗ್ರಿಯಲ್ಲಿ ನಡೆಯುವುದೂ ಈ ಎರಡನೇ ಕಂಬದ ಬಲದಿಂದಲೇ. ಅಷ್ಟು ಕಾವಿನಲ್ಲಿ, ಕಲ್ಲಿನಲ್ಲಿ ಸಿಕ್ಕಿಬಿದ್ದಿದ್ದ ಗಾಳಿ ಬಯಲಿಗೆ ಹಾರಿಹೋಗುವ ಲಾಭ, ಶಕ್ತಿಯ ನಷ್ಟವನ್ನು ಮೀರುತ್ತದೆ. ಶಬ್ದ ಹುಟ್ಟಿಸಿದವನೇ ಎಡವಿದ ಜಾಗ ಇದು. ಹಾಗಿರುವಾಗ ಕುಂದಾಪುರದ ಹುಡುಗಿ ಅರ್ಧ ಎಡವಿದರೆ ಕೆಂಪು ಗೆರೆ ಯಾಕೆ?

ಅವಳಿಗೆ ಫೋನ್ ಮಾಡಿದೆ. ಇದನ್ನೆಲ್ಲ ಅಲ್ಲ, 178, 65, 113 ಇಷ್ಟನ್ನೇ ಹೇಳಿದೆ. ಕೂಡಿಸು ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಹಾಗಾದ್ರೆ ನಾನು ಬರ್ದದ್ದು ಪೂರ್ತಿ ತಪ್ಪಲ್ಲ ಅಲ್ದಾ?" ಅಂದಳು. ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ ಅಂದೆ. ಹಿಂದಿನಿಂದ ಅಕ್ಕ, "ಅವಳ ತಲೆ ಕೆಡಿಸ್ಬೇಡ ಮಾರಾಯ, ಪುಸ್ತಕದಲ್ಲಿ ಇದ್ದದ್ದು ಬರೀಲಿ, ಎಸ್ಸೆಸ್ಸೆಲ್ಸಿ ಮುಗೀಲಿ" ಅಂತ ಕೂಗಿದ್ದು ಕೇಳಿಸಿತು. ಅಕ್ಕನ ಮಾತಿಗೆ ಎದುರಾಡುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಹುಡುಗಿಯೂ "ಹ್ಞೂಂ, ಇನ್ಮೇಲೆ ಪುಸ್ತಕದಲ್ಲಿ ಇದ್ದದ್ದೇ ಬರೀತೆ" ಅಂದಳು. ಆ ಮಾತು ಕೇಳಿ ಒಂಥರಾ ಆಯಿತು. ಫೋನ್ ಇಡುವ ಮುಂಚೆ ಸುಮ್ಮನೆ ಅಂತ, ಅಂಗೈಯಲ್ಲಿ ಒಂದು ಚಮಚ ಅಡಿಗೆ ಸೋಡಾ ಹಾಕಿ ಅದರ ಮೇಲೆ ಲಿಂಬೆಹಣ್ಣು ಹಿಂಡಿ ನೋಡು, ಗಾಯ ಗೀಯ ಇದ್ದರೆ ಬೇಡ, ಅಂದಿದ್ದೆ.

ನಿನ್ನೆ ರಾತ್ರಿ ಹತ್ತೂವರೆಗೆ ಮೆಸೇಜು. "ಮಾಮ, ಬುರುಗು ಬಂತು, ಕೈ ತಣ್ಣಗಾಯ್ತು. ನನ್ನ ಕೈಯಿಂದ ಬಿಸಿ ತಗೊಂಡ್ತು ಅಲ್ದಾ? ಆದ್ರೆ ಇದಕ್ಕೆ ಯಾರೂ ಗೂಡು ಹಚ್ಲಿಲ್ಲ, ಬೆಂಕಿ ಕೊಡ್ಲಿಲ್ಲ. ನಷ್ಟ ಆಗೂದಾದ್ರೆ ಅದು ತಾನಾಗೇ ಎಂತಕ್ಕೆ ಆಯ್ತು?"

ಭಾನುವಾರ ಫೋನ್ ಮಾಡುತ್ತೇನೆ ಅಂದಿದ್ದೇನೆ. ಗಿಬ್ಸ್‌ನನ್ನು ಹತ್ತನೇ ಕ್ಲಾಸಿನ ಹುಡುಗಿಗೆ ಅಕ್ಕನಿಗೆ ಗೊತ್ತಾಗದ ಹಾಗೆ ಹೇಳಿಕೊಡುವುದು ಹೇಗೆ ಅಂತ ನಿಮಗೇನಾದರೂ ಹೊಳೆದರೆ ದಯವಿಟ್ಟು ತಿಳಿಸಿ :-)